ಹನ್ನೊಂದು ಚೀಟಿಯ ರೊಬಸ್ಟಾ

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ, ಕೆರೆ ಏರಿ ಪಕ್ಕ ಒಂದು ಹಳೇ ರೊಬಸ್ಟಾ ಕಾಫಿ ಗಿಡ ಇದೆ. ಸುತ್ತಲಿನವು ವರ್ಷ ಬಿಟ್ಟು ವರ್ಷ ಕೈಕೊಟ್ಟರೂ ಅದು ಮಾತ್ರ ರೆಕ್ಕೆ, ಅಂದರೆ ಪಕ್ಕದ ಕೊಂಬೆ, ನೆಲ ಮುಟ್ಟುವ ಹಾಗೆ ಕಾಯಿ ಕಟ್ಟುತ್ತೆ. ಅದರದ್ದೇ ಬೀಜಕ್ಕೆ ಬೂದಿ ಹಚ್ಚಿ, ನೆರಳಲ್ಲಿ ಒಣಗಿಸಿ ನಾನೂರು ಸಸಿ ಮಾಡಿದೆ. ಮೊಳಕೆ ಎದ್ದ ಹೊಸದರಲ್ಲಿ, ಟೋಪಿ ಹಂತದಲ್ಲಿ, ಎಲ್ಲಾ ಒಂದೇ ಥರ ಇದ್ದವು. ಫಸಲಿಗೆ ಬಂದಾಗ ನೋಡಿದರೆ ಒಂದರ ಎಲೆ ಅಂಗೈ ಅಗಲ, ಪಕ್ಕದ್ದರದು ಅದರ ಅರ್ಧ. ಒಂದು ಡಿಸೆಂಬರಲ್ಲೇ ಹಣ್ಣು, ಇನ್ನೊಂದು ಫೆಬ್ರವರಿಗೂ ಹಸಿರು. ಬರೀ ಸೊಪ್ಪು ಬಿಟ್ಟವೂ ಉಂಟು. ತಾಯಿಯಷ್ಟು ಕಟ್ಟಿದ್ದು ಬೆರಳೆಣಿಕೆ. ಬೀಜ ಅದಲುಬದಲು ಮಾಡಿದ್ದೀಯ ಅಂತ ನರ್ಸರಿ ನೋಡಿಕೊಂಡ ಹುಡುಗನ ಮೇಲೆ ರೇಗಾಡಿದ್ದೂ ಆಯ್ತು.

ಪಾಪ, ತಪ್ಪು ಅವನದಲ್ಲ. ರೊಬಸ್ಟಾಕ್ಕೆ 22 ವರ್ಣತಂತು (ಗುಣಗಳನ್ನು ಹೊತ್ತ ಎಳೆ, ಕ್ರೋಮೋಸೋಮ್), ಅಂದರೆ 11 ಜೋಡಿ. ಜೋಡಿಯಲ್ಲಿ ಒಂದು ಅಮ್ಮನ ಕಡೆಯದು, ಒಂದು ಅಪ್ಪನ ಕಡೆಯದು. ಮೊಗ್ಗಿನೊಳಗೆ ಅಂಡ, ಪರಾಗ ತಯಾರಾಗುವಾಗ ಮಿಯಾಸಿಸ್ ಅನ್ನೋ ಕೋಶ ವಿಭಜನೆ ನಡೆದು ಜೋಡಿ ಒಡೆಯುತ್ತೆ. ಯಾವ ಜೋಡಿಯಿಂದ ಯಾವುದು ಹೋಗುತ್ತೆ ಅನ್ನೋದು ಚೀಟಿ ಎತ್ತಿದ ಹಾಗೆ. ಹನ್ನೊಂದು ಸಲ ಎತ್ತಿದರೆ 2,048 ಬಗೆ. ಒಡೆಯುವ ಮೊದಲು ಜೋಡಿಗಳು ಹೆಣೆದುಕೊಂಡು ತುಂಡು ಬದಲಾಯಿಸಿಕೊಳ್ಳೋದು ಬೇರೆ; ಅದನ್ನೂ ಸೇರಿಸಿದರೆ ಲೆಕ್ಕ ನಿಲ್ಲಲ್ಲ. ಅಪ್ಪನ ಕಡೆಯೂ ಇದೇ ಆಟ. ಅಪ್ಪ ಯಾರು ಅಂತಲೂ ಗೊತ್ತಿಲ್ಲ, ಯಾಕಂದ್ರೆ ರೊಬಸ್ಟಾ ತನ್ನ ಪರಾಗ ತಾನೇ ಒಲ್ಲದು. ಗಾಳಿ, ಜೇನು ಬೇರೆ ಗಿಡದ್ದು ತರಬೇಕು. ಒಂದು ಹಣ್ಣಿನ ಎರಡು ಬೀಜಕ್ಕೆ ಇಬ್ಬರು ಅಪ್ಪಂದಿರೂ ಇರಬಹುದು. ಕಾಫಿಯ ಇನ್ನೊಂದು ಜಾತಿ ಅರೇಬಿಕಾ ಬೆಳೆಯೋರಿಗೆ ಈ ತಲೆನೋವು ಕಮ್ಮಿ. ಅದು ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಚ್ಚುತ್ತೆ. ಚೀಟಿ ಎತ್ತಿದರೂ ಬಹುಪಾಲು ಎರಡರಲ್ಲೂ ಒಂದೇ ಹೆಸರು.

ಚೀಟಿ ಆಟವೇ ಬೇಡ ಅಂತ ತಾಯಿಗಿಡದ ಕಡ್ಡಿ ನೆಟ್ಟೆ. ಮೊದಲ ಸಲ ರೆಕ್ಕೆಯ ಕಡ್ಡಿ ಹಾಕಿ ಕೆಟ್ಟೆ. ಬೇರು ಬಂತು, ಆದರೆ ಗಿಡ ಮೇಲೇಳದೆ ಬಳ್ಳಿ ಹಾಗೆ ಪಕ್ಕಕ್ಕೇ ಹರಡಿತು. ನೆಟ್ಟಗೆ ಮೇಲಕ್ಕೇಳುವ ಕಂಬಚಿಗುರೇ ಬೇಕು. ಒಂದೊಂದು ಗೆಣ್ಣು ಕತ್ತರಿಸಿ, ಎಲೆ ಅರ್ಧ ಮಾಡಿ, ಪ್ಲಾಸ್ಟಿಕ್ ಹೊದಿಕೆಯ ತೇವದಲ್ಲಿಟ್ಟೆ. ಈ ಸಲ ಎಲ್ಲಾ ತಾಯಿಯ ತದ್ರೂಪು. ಎರಡು ಎಕರೆ ತುಂಬಾ ಅದನ್ನೇ ನೆಟ್ಟೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಾಗ ತೋಟ ಬೆಳ್ಳಗಾಗಿ, ಮಲ್ಲಿಗೆ ಘಮ. ಆಮೇಲೆ ನೋಡಿದರೆ ನಡುವಿನ ಸಾಲುಗಳಲ್ಲಿ ಗೆಣ್ಣಿಗೆ ನಾಲ್ಕೈದು ಕಾಯಿ. ಪಕ್ಕದವರ ರೊಬಸ್ಟಾಕ್ಕೆ ತಾಗಿದ ಬೇಲಿ ಸಾಲಲ್ಲಿ ಮಾತ್ರ ಗೊಂಚಲು ಗೊಂಚಲು. ನಾನು ನೆಟ್ಟಿದ್ದು ಎಂಟುನೂರು ಗಿಡ ಅಲ್ಲ, ಒಂದೇ ಗಿಡ ಎಂಟುನೂರು ಸಲ. ಅವು ಒಂದರ ಪರಾಗ ಒಂದು ಒಲ್ಲವು. ಇನ್ನೊಂದು ಪಕ್ಕದಲ್ಲಿದ್ದ ಅರೇಬಿಕಾ ಪರಾಗವೂ ದಕ್ಕಲಿಲ್ಲ, ಅದರದು 44 ವರ್ಣತಂತು.

ಈಗ ನಾಲ್ಕು ಸಾಲಿಗೊಂದರಂತೆ ಕಿತ್ತು, ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಸಿ ಇಂಟು ಆರ್ (ಕಂಜೆನ್ಸಿಸ್ ಕಾಫಿ, ರೊಬಸ್ಟಾ ಎರಡರ ಮಿಶ್ರತಳಿ) ಬೀಜದ ಗಿಡ ಹಾಕಿದ್ದೇನೆ. ಅವೂ 22ರವೇ, ಪ್ರತಿಯೊಂದೂ ಬೇರೆ ಬೇರೆ. ಹೋದ ಮಾರ್ಚಲ್ಲಿ ಅವುಗಳ ಅಕ್ಕಪಕ್ಕದ ಸಾಲಲ್ಲಿ ಒಂದು ಗೆಣ್ಣು ಎಣಿಸಿದೆ, ಮೂವತ್ತೆರಡು ಕಾಯಿ.