ಇದು ಊಟ ಹೇಗೆ ಮಾಡುತ್ತೆ?

ಮಳೆ ಹಿಡಿಯಿತೆಂದರೆ ನಮ್ಮ ಲ್ಯಾಬಿನ ಮುಂದೆ ಜ್ವರದವರ ಸಾಲು. ಮುಂಬೈಯ ವಡಾಲದಲ್ಲಿ 22 ವರ್ಷದಿಂದ ನನ್ನದು ಇದೇ ಕೆಲಸ. ರಕ್ತ ತೆಗೆಯುವುದು, ಸ್ಲೈಡ್ ಎಳೆಯುವುದು, ಬಣ್ಣ ಹಾಕಿ ನೋಡುವುದು. ಬಂದವರೆಲ್ಲ ಹೇಳುವುದು ಒಂದೇ ಮಾತು: "ಏನೋ ವೈರಲ್ ಅಂತೆ."

ವೈರಲ್ಲೇ ಆಗಬೇಕೆಂದಿಲ್ಲ. ಜುಲೈ ತಿಂಗಳಲ್ಲಿ ಒಂದೇ ಬೆಂಚಿನ ಮೇಲೆ ಮೂರು ಜ್ವರ ಕೂತಿರುತ್ತವೆ. ಒಬ್ಬರಿಗೆ ಡೆಂಗ್ಯೂ, ಅದು ವೈರಸ್. ಪಕ್ಕದವರಿಗೆ ಲೆಪ್ಟೊ, ಅದು ಇಲಿ ಮೂತ್ರ ಬೆರೆತ ನೀರಿನಲ್ಲಿ ನಡೆದವರಿಗೆ ಅಂಟುವ ಬ್ಯಾಕ್ಟೀರಿಯಾ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಾನಿನ್ನೂ ಈ ಕೆಲಸಕ್ಕೆ ಹೊಸಬಳು. ಲೆಪ್ಟೊ ಎಂಬ ಹೆಸರು ಜನರ ಬಾಯಲ್ಲಿ ಕೇಳಿದ್ದೇ ಆ ಮಳೆ ಆದಮೇಲೆ. ಮೂರನೆಯವರಿಗೆ ಮಲೇರಿಯಾ. ಅದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ. ಅದು ಪ್ರೊಟಿಸ್ಟ್ ಎಂಬ ಗುಂಪಿನ ಒಂಟಿ ಕೋಶದ ಜೀವಿ. ಮೂವರ ಮೈ ಬಿಸಿಯೂ ಒಂದೇ ಥರ, ಔಷಧಿ ಮಾತ್ರ ಬೇರೆ ಬೇರೆ.

ಜೀವಿಗಳ ವರ್ಗೀಕರಣ ನನಗೆ ಹೀಗೆ ಹೊಟ್ಟೆಪಾಡಿನ ವಿಷಯ. ಅದನ್ನು ಮಕ್ಕಳಿಗೆ ಹೇಳಿಕೊಡುತ್ತೇನೆಂದು ಮಾತ್ರ ಅಂದುಕೊಂಡಿರಲಿಲ್ಲ.

ನಮ್ಮ ಸೊಸೈಟಿಯ ವಾಚ್‌ಮನ್ ವಿಜಯಪುರ ಕಡೆಯವರು. ಅವರ ಮಗ ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ. ಮಹಾರಾಷ್ಟ್ರದ ಎಂಟನೇ ತರಗತಿ ವಿಜ್ಞಾನದಲ್ಲಿ ಮೊದಲ ಪಾಠವೇ ವರ್ಗೀಕರಣ. ಹುಡುಗ ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದ: "ಮೊನೆರಾ, ಪ್ರೊಟಿಸ್ಟಾ, ಫಂಜಾಯ್, ಪ್ಲಾಂಟೇ, ಅನಿಮೇಲಿಯಾ." ಸುಮ್ನೆ ಕೇಳಿದೆ, "ಪ್ರೊಟಿಸ್ಟಾ ಅಂದ್ರೆ ಏನಪ್ಪಾ?" "ಎರಡನೇದ್ದು ರೀ ಆಂಟಿ" ಅಂದ.

ಮುಂದಿನ ಭಾನುವಾರ ಅವನನ್ನೂ ಅವನ ಮೂವರು ಗೆಳೆಯರನ್ನೂ ಮನೆಗೆ ಕರೆದೆ. ಅಟ್ಟದ ಮೇಲಿದ್ದ ಖಾಲಿ ಶೂ ಡಬ್ಬಿಗಳನ್ನು ಇಳಿಸಿ, ಐದರ ಮೇಲೆ ಐದು ಹೆಸರು ಬರೆದೆವು: ಬ್ಯಾಕ್ಟೀರಿಯಾಕ್ಕೆ ಮೊನೆರಾ, ಅಮೀಬಾದಂಥವಕ್ಕೆ ಪ್ರೊಟಿಸ್ಟಾ, ಶಿಲೀಂಧ್ರಕ್ಕೆ ಫಂಜಾಯ್, ಗಿಡಕ್ಕೆ ಪ್ಲಾಂಟೇ, ಪ್ರಾಣಿಗೆ ಅನಿಮೇಲಿಯಾ. ಸಿಕ್ಕಿದ್ದನ್ನು ತಂದು ಸರಿಯಾದ ಡಬ್ಬಿಗೆ ಹಾಕಬೇಕು. ನಾನು ಕೊಟ್ಟಿದ್ದು ಒಂದೇ ಪ್ರಶ್ನೆ: ಇದು ಊಟ ಹೇಗೆ ಮಾಡುತ್ತೆ?

ಪ್ರಶ್ನೆ ನನ್ನದಲ್ಲ. 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ವ್ಹಿಟೇಕರ್ ಜೀವಿಗಳನ್ನು ಈ ಐದು ಸಾಮ್ರಾಜ್ಯ ಮಾಡಿದಾಗ ಹಿಡಿದ ದಾರಿಗಳಲ್ಲಿ ಇದೂ ಒಂದು. ಗಿಡ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಪ್ರಾಣಿ ನುಂಗುತ್ತದೆ. ಅಣಬೆ, ಬೂಷ್ಟು ಇವು ಆಹಾರವನ್ನು ಹೊರಗೇ ಕರಗಿಸಿ ಹೀರುತ್ತವೆ. ಅದಕ್ಕೂ ಮೊದಲು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕಾಲದಲ್ಲಿ ಇದ್ದದ್ದು ಎರಡೇ, ಗಿಡ ಮತ್ತು ಪ್ರಾಣಿ. 1753ರ ತನ್ನ ಪುಸ್ತಕದಲ್ಲಿ ಆತ ಅಣಬೆಯನ್ನೂ ಗಿಡಗಳ ಜೊತೆಗೇ ಸೇರಿಸಿದ್ದ. ಮಕ್ಕಳು ನಕ್ಕರು. ಆದರೆ ನಮ್ಮ ಮಾರ್ಕೆಟಿನಲ್ಲಿ ತರಕಾರಿ ಮಾರುವ ಹೆಂಗಸು ಇವತ್ತಿಗೂ ಅಣಬೆಯನ್ನು ಸೊಪ್ಪಿನ ಪಕ್ಕದಲ್ಲೇ ಇಡುತ್ತಾಳೆ, ಅಲ್ವಾ? ಅಂದಹಾಗೆ ನಮ್ಮ ತುಳುವಿನಲ್ಲಿ ಅದು ಅಲಂಬು, ಮರಾಠಿಯಲ್ಲಿ ಅಳಂಬಿ. ಮುಂಬೈಗೆ ಬಂದ ಹೊಸದರಲ್ಲಿ ನನಗೆ ಕಲಿಯದೇ ಬಂದ ಮರಾಠಿ ಪದ ಅದೊಂದೇ.

ಮೊದಲ ಸಾಮಾನು ಅಡುಗೆಮನೆಯಿಂದಲೇ ಬಂತು. ಹುದುಗಿದ ಇಡ್ಲಿ ಹಿಟ್ಟು ತೋರಿಸಿ ಯಾವ ಡಬ್ಬಿ ಅಂತ ಕೇಳಿದೆ. "ಯೀಸ್ಟ್, ಶಿಲೀಂಧ್ರ" ಅಂತ ನಾಲ್ಕೂ ಜನ ಕೂಗಿದರು. ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಒಮ್ಮೆ ಒಂದು ತೊಟ್ಟು ಹಿಟ್ಟನ್ನು ಲ್ಯಾಬಿಗೆ ಒಯ್ದು ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ ನೋಡಿದ್ದೆ. ನೇರಳೆ ಬಣ್ಣದ ಸಣ್ಣ ಚುಕ್ಕೆಗಳು, ಜೋಡಿ ಜೋಡಿಯಾಗಿ, ಸರ ಪೋಣಿಸಿದ ಹಾಗೆ. ಅವು ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬಿಡುವ ಗಾಳಿಯಿಂದ. ಯೀಸ್ಟ್ ಬೇಕಾದರೆ ಪಾವ್ ಹಿಟ್ಟಿನಲ್ಲಿ ನೋಡಬೇಕು. ಇಡ್ಲಿ ಮೊನೆರಾಕ್ಕೆ, ಪಾವ್ ಶಿಲೀಂಧ್ರಕ್ಕೆ. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ಮನೆಮನೆಗೆ ಹೋಗಿ ಹೇಳಿ ಬಂದರು.

ಎರಡನೆಯದು ಕಲ್ಲುಹೂವು. ಮಾಟುಂಗಾ ಮಾರ್ಕೆಟಿನಲ್ಲಿ ಹತ್ತು ರೂಪಾಯಿಗೆ ಕೊಟ್ಟಿದ್ದ. ಮಸಾಲೆಗೆ ಹಾಕುತ್ತೇವಲ್ಲ, ಮರಾಠಿಯವರ ದಗಡ್‌ಫೂಲ್. ಹೂವು ಅಂತ ಹೆಸರು, ಹೂವಲ್ಲ. ಗಿಡದ ಡಬ್ಬಿಗೆ ಹೋದದ್ದನ್ನು ನಾನು ಹೊರಗೆ ತೆಗೆದೆ. ಅದರ ಮೈ ಶಿಲೀಂಧ್ರ. ಒಳಗೆ ಹಸಿರು ಪಾಚಿಯ ಕಣಗಳು ವಾಸ ಇವೆ. ಪಾಚಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಫೈವ್ ಗಾರ್ಡನ್ಸ್‌ನ ಮರದ ತೊಗಟೆಗೆ ಅಂಟಿರುವ ಬೂದು ತೇಪೆಗಳನ್ನು ತೋರಿಸಿ ಇವೂ ಅದೇ ಜಾತಿ ಎಂದೆ. ಒಬ್ಬ ಹುಡುಗಿ ಕಲ್ಲುಹೂವನ್ನು ಎರಡು ತುಂಡು ಮಾಡಿ ಎರಡು ಡಬ್ಬಿಗೆ ಹಾಕಿದಳು. ನಾನು ಬೇಡ ಅನ್ನಲಿಲ್ಲ.

ನಡುವೆ ನಾನೊಂದು ಎಡವಟ್ಟು ಮಾಡಿದೆ. ಪ್ರೊಟಿಸ್ಟಾ ತೋರಿಸಲು ಬಾಲ್ಕನಿಯಲ್ಲಿ ಹುಲ್ಲು ನೆನೆಸಿದ ನೀರು ಇಟ್ಟಿದ್ದೆ. ನಾಲ್ಕೈದು ದಿನದಲ್ಲಿ ಅದರಲ್ಲಿ ಚಪ್ಪಲಿ ಆಕಾರದ ಪ್ಯಾರಮೀಸಿಯಂ ಓಡಾಡುತ್ತದೆ. ಫೋಲ್ಡ್‌ಸ್ಕೋಪ್ ಎಂಬ ರಟ್ಟಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಕಾಣುತ್ತದೆ. ಆದರೆ ಆ ವಾರ ಡ್ಯೂಟಿ ಜಾಸ್ತಿ, ಜಾಡಿ ಮರೆತುಹೋಯಿತು. ಸೊಳ್ಳೆ ಮರಿ ಹುಡುಕಲು ಬಂದವರು ಟಾರ್ಚ್ ಹಾಕಿ ನೋಡಿದರೆ ಒಳಗೆ ಡೊಂಕು ಡೊಂಕಾಗಿ ಕುಣಿಯುವ ಹುಳಗಳು. ದಿನಾ ಡೆಂಗ್ಯೂ ರಿಪೋರ್ಟ್ ಬರೆಯುವವಳ ಮನೆಯಲ್ಲೇ ಸೊಳ್ಳೆ ಸಾಕಣೆ! ಮೂರು ಮಹಡಿಗೆ ಕೇಳುವ ಹಾಗೆ ಬೈಸಿಕೊಂಡೆ. ಯಾರಾದರೂ ಮಾಡುವುದಾದರೆ ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ವಾರದೊಳಗೆ ಚೆಲ್ಲಿಬಿಡಿ.

ನನ್ನ ಪ್ರಶ್ನೆಗೆ ಮೊದಲ ಪೆಟ್ಟು ಬಿದ್ದದ್ದು ಅಮರವೇಲ್‌ನಿಂದ. ಬೇಲಿಯ ಮೇಲೆ ಹಳದಿ ಸೇವಿಗೆ ಚೆಲ್ಲಿದ ಹಾಗೆ ಹಬ್ಬುವ ಬಳ್ಳಿ. ಎಲೆ ಇಲ್ಲ, ಹಸಿರಿಲ್ಲ, ಬೇರೆ ಗಿಡಕ್ಕೆ ಬಾಯಿ ಹಾಕಿ ಹೀರುತ್ತದೆ. "ಹೀರ್ತದಲ್ಲ, ಶಿಲೀಂಧ್ರ" ಅಂತ ಹಾಕಿಬಿಟ್ಟರು. ನಾನು ಕೊಟ್ಟ ನಿಯಮದ ಪ್ರಕಾರ ಅವರೇ ಸರಿ! ಕೊನೆಗೆ ಅದರಲ್ಲಿ ಪುಟ್ಟ ಬಿಳಿ ಹೂವು ಹುಡುಕಿ ತೋರಿಸಬೇಕಾಯಿತು. ಹೂವು ಬಿಡುವ ಮನೆತನ, ಅಡುಗೆ ಮರೆತಿದೆ ಅಷ್ಟೇ. ಊಟ ಬದಲಾಗಬಹುದು, ಮನೆತನ ಬದಲಾಗುವುದಿಲ್ಲ ಅಂತ ನಿಯಮಕ್ಕೆ ಒಂದು ಬಾಲ ಸೇರಿಸಿದೆ.

ಎರಡನೇ ಪೆಟ್ಟು ಜೋರಾಗಿತ್ತು. ಸೊಸೈಟಿಯ ಹಿಂದಿನ ಗೋಡೆ ಹತ್ತಿರ ಕಡಿದ ಗುಲ್‌ಮೊಹರ್ ಬುಡ ಒಂದಿದೆ. ಜೂನ್ ಕೊನೆಯಲ್ಲಿ ಅದರ ಮೇಲೆ ಹಳದಿಯಾದ ಏನೋ ಬಂದಿತ್ತು. ಒಗ್ಗರಣೆ ಹಾಕದ ಕಡಲೆಹಿಟ್ಟಿನ ಪಿಠ್ಲ ಚೆಲ್ಲಿದ ಹಾಗೆ, ಅಂಗೈ ಅಗಲ, ಹಸಿ ಹಸಿ. ನಾನು ಬಗ್ಗಿ ನೋಡಿ ಗಟ್ಟಿಯಾಗಿ ಹೇಳಿದೆ, "ಬೂಷ್ಟು. ಶಿಲೀಂಧ್ರದ ಡಬ್ಬಿ." ವಾಚ್‌ಮನ್ ಮಗನಿಗೆ ಅದು ಒಪ್ಪಿಗೆ ಆಗಲಿಲ್ಲ. ಹಿಂದಿನ ದಿನ ಅದು ಬುಡದ ಕೆಳಗಿತ್ತು ಅಂತ ಅವನ ವಾದ. ಮಳೆಗೆ ಹರಡಿರಬೇಕು ಅಂದೆ. ಅವನು ಮಾತಾಡಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಅದರ ಅಂಚಿಗೆ ಒಂದು ಗೆರೆ ಎಳೆದ.

ಮರುದಿನ ಬೆಳಿಗ್ಗೆ ಆರೂವರೆಗೆ ಬೆಲ್ ಆಯಿತು. "ಆಂಟಿ, ಬರ್ರಿ. ಗ್ವಾಡಿ ಮ್ಯಾಲ ಹೋಗೈತಿ ನೋಡ್ರಿ."

ಹೋಗಿತ್ತು. ಬುಡದ ಮೇಲಿದ್ದದ್ದು ಪಕ್ಕದ ಗೋಡೆಗೆ ಹತ್ತಿತ್ತು, ಗೆರೆಯಿಂದ ಗೇಣು ದೂರ. ಬಂದ ದಾರಿಯಲ್ಲಿ ಬಸವನಹುಳು ಹೋದ ಹಾಗೆ ತೆಳು ಲೋಳೆ. ಮುಂದಿನ ಅಂಚು ಬೀಸಣಿಗೆ ಥರ ಬಿಚ್ಚಿಕೊಂಡು, ಹಿಂದೆ ನರಗಳಂಥ ಎಳೆಗಳು. ಶಿಲೀಂಧ್ರ ಎಳೆ ಬಿಟ್ಟು ಬೆಳೆಯುತ್ತದೆ, ಹೀಗೆ ಜಾಗ ಖಾಲಿ ಮಾಡಿ ನಡೆದುಹೋಗುವುದಿಲ್ಲ. ಅದು ಸ್ಲೈಮ್ ಮೋಲ್ಡ್. ಇಂಗ್ಲಿಷಿನಲ್ಲಿ ಇದಕ್ಕೆ ನಾಯಿ ವಾಂತಿ ಅಂತಲೇ ಹೆಸರು. ಆ ಇಡೀ ಹರಡು ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು. ಹರಿಯುತ್ತಾ ಹೋಗಿ ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ನುಂಗುತ್ತದೆ. ಬಹಳ ಕಾಲ ಇದನ್ನೂ ಶಿಲೀಂಧ್ರಗಳ ಜೊತೆಗೇ ಇಟ್ಟಿದ್ದರು. ಈಗ ಇದು ಅಮೀಬಾದ ಬಳಗ. ನಾನು ಊಟದ ಪ್ರಶ್ನೆಯನ್ನೇ ಕೇಳದೆ ಬಣ್ಣ ನೋಡಿ ತೀರ್ಪು ಕೊಟ್ಟಿದ್ದೆ. ಮೂರನೇ ದಿನಕ್ಕೆ ಅದು ಒಣಗಿ ಹಪ್ಪಳದಂತಾಯಿತು, ಮುಟ್ಟಿದರೆ ಕಂದು ಪುಡಿ.

ಅವತ್ತು ಒಂದು ಡಬ್ಬಿ ಹೆಚ್ಚಿಗೆ ಇಟ್ಟೆವು. ಅದರ ಮೇಲೆ ಬರೆದದ್ದು "ನೋಡಬೇಕು". ಈಗ ಅದೇ ಎಲ್ಲಕ್ಕಿಂತ ಜಾಸ್ತಿ ತುಂಬಿರುವ ಡಬ್ಬಿ.

ನಿಜ ಹೇಳಬೇಕೆಂದರೆ ಪ್ರೊಟಿಸ್ಟಾ ಕೂಡ ಅಂಥದ್ದೇ ಡಬ್ಬಿ. 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ಆ ಹೆಸರಿಟ್ಟ. ಅರ್ಜಿ ಫಾರಂನಲ್ಲಿ ಕೊನೆಗೆ "ಇತರೆ" ಅಂತ ಇರುತ್ತದಲ್ಲ, ಹಾಗೆ. ಗಿಡವಲ್ಲ, ಪ್ರಾಣಿಯಲ್ಲ, ಅಣಬೆಯಲ್ಲ, ಕೋಶಕೇಂದ್ರ ಮಾತ್ರ ಇದೆ, ಹಾಗಾದರೆ ಇಲ್ಲಿಗೆ. ಒಳಗಿರುವವರು ಒಬ್ಬರಿಗೊಬ್ಬರು ನೆಂಟರೇ ಆಗಬೇಕೆಂದಿಲ್ಲ. ನಾನು ದಿನಾ ನೋಡುವ ಮಲೇರಿಯಾ ಪರೋಪಜೀವಿಯನ್ನೇ ತೆಗೆದುಕೊಳ್ಳಿ. ಕೆಂಪು ರಕ್ತಕಣದೊಳಗೆ ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು. ಹಿಮೋಗ್ಲೋಬಿನ್ ತಿಂದು ಬದುಕುವ ಈ ಪ್ರಾಣಿಯಂಥದ್ದರ ಹೊಟ್ಟೆಯಲ್ಲಿ, ಎಲೆಯ ಹರಿತ್ತಿನ ಕಣಕ್ಕೆ ದೂರದ ಸಂಬಂಧಿಯಾದ ಅಂಗವೊಂದಿದೆ. ಎಂದೋ ನುಂಗಿದ ಕೆಂಪು ಪಾಚಿಯ ಉಳಿಕೆ. ಆ ಪಾಚಿಯಲ್ಲಿ ಈ ಅಂಗ ಆದದ್ದು ಅದಕ್ಕೂ ಹಿಂದೆ ನುಂಗಿದ್ದ ಬ್ಯಾಕ್ಟೀರಿಯಾದಿಂದ. ಅದಕ್ಕೇ ಲೆಪ್ಟೊಗೆ ಕೊಡುವ ಡಾಕ್ಸಿಸೈಕ್ಲಿನ್ ಮಲೇರಿಯಾ ಮೇಲೂ ಕೆಲಸ ಮಾಡುತ್ತದೆ. ಇದು ತಿಳಿದ ದಿನ ನನಗೆ ನಿದ್ದೆ ತಡವಾಯಿತು.

ಊರಿನ ಕಥೆಯೂ ಇದರಲ್ಲಿ ಸೇರಿಕೊಂಡಿತು. ನಮ್ಮದು ಪುತ್ತೂರು ಕಡೆ, ಅಡಿಕೆ ತೋಟ. ಅಡಿಕೆಯ ಕೊಳೆರೋಗವನ್ನು 1910ರಲ್ಲೇ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿದ್ದರು. ಆ ರೋಗ ತರುವ ಜೀವಿಯ ಹೆಸರು ಫೈಟಾಫ್ತೊರಾ. ಊರಲ್ಲಿ ಎಲ್ಲರೂ ಫಂಗಸ್ ಅನ್ನುತ್ತಾರೆ, ನೋಡಲಿಕ್ಕೂ ಹಾಗೇ ಬಿಳಿ ಬೂಷ್ಟು. ಆದರೆ ಶಿಲೀಂಧ್ರದ ಕೋಶದ ಗೋಡೆ ಕೈಟಿನ್‌ನದು, ಸಿಗಡಿ ಚಿಪ್ಪಿನಲ್ಲಿರುವ ಪದಾರ್ಥ. ಇದರದ್ದು ಸೆಲ್ಯುಲೋಸ್. ಇದರ ಬೀಜಕಣಗಳು ಬಾಲ ಆಡಿಸುತ್ತಾ ನೀರಿನಲ್ಲಿ ಈಜುತ್ತವೆ. ಇದರ ನೆಂಟರು ಸಮುದ್ರದ ಕಂದು ಪಾಚಿಗಳು. ಹಾಜಿ ಅಲಿ ಬಂಡೆಗಳ ಹತ್ತಿರ ನೀರಿಳಿದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಪಾಚಿ ತೋರಿಸುವಾಗ ನನಗೆ ಊರಿನ ತೋಟ ನೆನಪಾಯಿತು. (ಅಲ್ಲಿಂದ ಏನನ್ನೂ ತರಲಿಲ್ಲ. ಬಂಡೆಗೆ ಅಂಟಿದ ಸ್ಪಂಜುಗಳೂ ಪ್ರಾಣಿಗಳೇ ಅಂತ ಒಪ್ಪಿಸುವುದರಲ್ಲೇ ಸಾಕಾಯಿತು.)

ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಆಗಷ್ಟೇ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲೆಸಿ ಬೋರ್ಡೊ ಸಿಂಪಡಿಸಿ ಬಂದಿದ್ದ. "ಫಂಗಸ್ ಆದ್ರೆ ಎಂತ, ಪಾಚಿ ನೆಂಟ ಆದ್ರೆ ಎಂತ ಅಕ್ಕ? ಅಡಿಕೆ ಉದುರುವುದು ಉದುರ್ತದೆ" ಅಂದ. ಅಲ್ಲ ಮಾರಾಯ, ಎಂತ ಅಂದರೆ ಹುಳುಕಡ್ಡಿಗೆ ಹಚ್ಚುವ ಕ್ರೀಮಿನ ಜಾತಿಯ ಔಷಧಿ ಶಿಲೀಂಧ್ರದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಪದಾರ್ಥದ ತಯಾರಿಕೆಗೆ ಹೊಡೆಯುತ್ತದೆ, ನಿನ್ನ ಕೊಳೆರೋಗದವನು ಅದನ್ನು ತಯಾರಿಸುವುದೇ ಇಲ್ಲ, ಅದು ಅಲ್ಲಿ ದಂಡ ಅಂದೆ. ಮೈಲುತುತ್ತಿನಲ್ಲಿರುವ ತಾಮ್ರ ಹಾಗಲ್ಲ, ಅದು ಇಬ್ಬರಿಗೂ ವಿಷ. ಈ ಮಾತು ಅವನಿಗೆ ತಾಗಿತು. ಅಂಗಡಿಯವನು ಕೊಟ್ಟ ಇನ್ನೊಂದು ಡಬ್ಬದ ಹೆಸರು ಓದಿ ಹೇಳಿದ. ಹುಳುಕಡ್ಡಿಯೂ ನೋಡಿ, ಹೆಸರಲ್ಲಿ ಹುಳು ಇದೆ, ಆದರೆ ಅದು ಶಿಲೀಂಧ್ರ.

ವೈರಸ್‌ಗೆ ಬಂದಾಗ ನನ್ನ ಪ್ರಶ್ನೆ ಪೂರ್ತಿ ಕೈಕೊಟ್ಟಿತು. ಅದು ಊಟವನ್ನೇ ಮಾಡುವುದಿಲ್ಲ. ಐದು ಸಾಮ್ರಾಜ್ಯದಲ್ಲಿ ಅದಕ್ಕೆ ಜಾಗವೂ ಇಲ್ಲ. 1935ರಲ್ಲಿ ವೆಂಡೆಲ್ ಸ್ಟಾನ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಹರಳು ಮಾಡಿ ತೆಗೆದ, ಉಪ್ಪು ಸಕ್ಕರೆ ಹರಳು ಕಟ್ಟುವ ಹಾಗೆ. ಆ ಹರಳನ್ನು ಎಲೆಗೆ ತಿಕ್ಕಿದರೆ ಮತ್ತೆ ರೋಗ. ಡೆಂಗ್ಯೂ ವೈರಸ್ಸು ಎಷ್ಟು ಸಣ್ಣದೆಂದರೆ ಒಂದು ಕೆಂಪು ರಕ್ತಕಣದ ಅಗಲಕ್ಕೆ ಸಾಲಾಗಿ ಸುಮಾರು 140 ಕೂರುತ್ತವೆ. ನನ್ನ ಮೈಕ್ರೋಸ್ಕೋಪಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಟೆಸ್ಟ್ ಕಾರ್ಡಿನ ಮೇಲೆ ಗೆರೆ ಬರುತ್ತದೋ ಇಲ್ಲವೋ ನೋಡುತ್ತೇವೆ. ವೈರಸ್‌ಗಳನ್ನು ವಿಂಗಡಿಸುವಾಗ ಕೇಳುವ ಪ್ರಶ್ನೆಯೇ ಬೇರೆ. ಒಳಗಿರುವ ಬರಹ ಡಿಎನ್‌ಎಯೋ ಆರ್‌ಎನ್‌ಎಯೋ, ಒಂಟಿ ಎಳೆಯೋ ಜೋಡಿ ಎಳೆಯೋ? 1971ರಲ್ಲಿ ಡೇವಿಡ್ ಬಾಲ್ಟಿಮೋರ್ ಈ ದಾರಿ ಹಿಡಿದೇ ಗುಂಪು ಮಾಡಿದ್ದು.

ವೈರಸ್ ಡಬ್ಬಿಗೆ ಏನು ಹಾಕೋಣ? ಹುಡುಗಿ ಬೆಂಡೆಕಾಯಿ ಗಿಡದ ಎಲೆ ತಂದಳು. ನರಗಳೆಲ್ಲ ಹಳದಿ, ನಡುವೆ ಹಸಿರು, ಬಲೆ ಹೆಣೆದ ಹಾಗೆ. ಬಿಳಿ ನೊಣ ಹರಡುವ ವೈರಸ್ ರೋಗ ಅದು. ಎಲೆ ಗಿಡದ ಡಬ್ಬಿಗೆ, ಹಳದಿ ಮಾತ್ರ ವೈರಸ್‌ಗೆ ಅಂತ ಅವಳ ತೀರ್ಪು. ಕತ್ತರಿ ಕೇಳಿದಳು. ಕೊಟ್ಟೆ.

ಪರೀಕ್ಷೆಗೆ ಐದನ್ನೇ ಬರೆಯಿರಿ ಅಂತ ಹೇಳಿದ್ದೇನೆ. ಕಾರ್ಲ್ ವೋಸ್ ಎಂಬ ವಿಜ್ಞಾನಿ 1977ರಲ್ಲಿ ಮೊನೆರಾವನ್ನು ಎರಡಾಗಿ ಸೀಳಿದ ವಿಷಯ ಹತ್ತನೇ ತರಗತಿ ಮುಗಿದ ಮೇಲೆ ನೋಡಿಕೊಳ್ಳೋಣ.

ಈ ಜೂನ್‌ನಲ್ಲಿ ಗುಲ್‌ಮೊಹರ್ ಬುಡಕ್ಕೆ ಹಳದಿ ಮತ್ತೆ ಬಂದಿದೆ. ವಾಚ್‌ಮನ್ ಮಗ ಈಗ ಹತ್ತನೇ ಕ್ಲಾಸು, ಮೀಸೆ ಚಿಗುರಿದೆ. ಮೊನ್ನೆ ರಾತ್ರಿ ಬಾಗಿಲಿಗೆ ಬಂದು ನಿಂತಿದ್ದ. "ಆಂಟಿ, ಸೀಮೆಸುಣ್ಣ ಐತೇನ್ರಿ?"