ಇಳಕಲ್ ಸೀರೆ ಹುಡುಕುವವರಿಗೆ ನಮ್ಮ ಅಂಗಡಿ ಸಿಗುವ ಹಾಗೆ ಮಾಡಿದ್ದು

ಇಳಕಲ್‌ನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ. ಅಂಗಡಿ ಮಾವನವರದು, ಆನ್‌ಲೈನ್ ಕೆಲಸ ನನ್ನದು. ಶುರು ಮಾಡುವಾಗ ಅವರು, "ನಮ್ಮೂರಾಗ ನಮ್ಮ ಅಂಗಡಿ ಹುಡುಕಾಕ ಗೂಗಲ್ ಯಾಕ ಬೇಕವಾ?" ಅಂದಿದ್ದರು. ಊರಿನವರಿಗೆ ಬೇಡ, ಖರೆ. ಆದರೆ ಇಳಕಲ್ ಸೀರೆ ಉಡುವವರು ಬೆಂಗಳೂರಲ್ಲಿದ್ದಾರೆ, ಪುಣೆಯಲ್ಲಿದ್ದಾರೆ, ಸೊಲ್ಲಾಪುರದಲ್ಲಿದ್ದಾರೆ. ಅವರ ಕಣ್ಣಿಗೆ ನಾವು ಬೀಳಬೇಕಿತ್ತು. ರೀಲ್ಸ್ ಮಾಡಿದೆ, ಲೈಕ್ ಬಂತು. ಆರ್ಡರ್ ಬಂದದ್ದು ಮಾತ್ರ ಜಾಸ್ತಿ ಬ್ಲಾಗಿನಿಂದ. ಅದೂ ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಸುಮ್ನೆ ನೆಟ್ಟಗೆ ಉತ್ತರ ಬರೆದ ಪುಟಗಳಿಂದ.

ಮೊದಲು ಮಾಡಿದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಸರ್ಚ್‌ನಲ್ಲಿ, ಮ್ಯಾಪಿನಲ್ಲಿ ಅಂಗಡಿಯ ವಿವರ ಕಾಣುವ ಪುಟ. 2021ರ ತನಕ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಅಂತ ಹೆಸರಿತ್ತು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅಂಗಡಿ ನಮ್ಮದೇ ಅಂತ ತೋರಿಸಲು ವಿಡಿಯೊ ಕೇಳಿತು. ರಸ್ತೆ, ಬೋರ್ಡು, ಬೀಗ ತೆಗೆದು ಒಳಗೆ ಹೋಗುವುದು, ಎಲ್ಲವೂ ಕತ್ತರಿಸದ ಒಂದೇ ವಿಡಿಯೊದಲ್ಲಿ ಬರಬೇಕು. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲೆ ಇರುವ ಹೆಸರನ್ನೇ ಹಾಕಿ. "ಬೆಸ್ಟ್ ಇಳಕಲ್ ಸೀರೆ ಹೋಲ್‌ಸೇಲ್" ಅಂತೆಲ್ಲ ಸೇರಿಸಿದರೆ ನಿಯಮ ಮುರಿದ ಹಾಗೆ, ಪ್ರೊಫೈಲನ್ನೇ ತಡೆಹಿಡಿಯಬಹುದು. ಮ್ಯಾಪಿನಲ್ಲಿ ಯಾರು ಮೇಲೆ ಬರುತ್ತಾರೆ ಅನ್ನುವುದಕ್ಕೆ ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ, ಅಲ್ವಾ? ಕೂಡಲಸಂಗಮ, ಐಹೊಳೆ ನೋಡಲು ಬಂದು ಹಾಗೇ ಇಳಕಲ್‌ಗೆ ತಿರುಗುವವರಿಗೆ ಮ್ಯಾಪು ದಾರಿ ತೋರಿಸುತ್ತದೆ. ಪುಣೆಯಲ್ಲಿ ಕೂತು ಸೀರೆ ಹುಡುಕುವವರಿಗೆ ಅದರಿಂದ ಏನೂ ಆಗುವುದಿಲ್ಲ. ಅವರಿಗೆ ಓದಲು ಒಂದು ಪುಟ ಬೇಕು.

ಆ ಪ್ರೊಫೈಲ್ ಜೊತೆಗೇ ಗೂಗಲ್ ಒಂದು ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಅದಕ್ಕೂ ಮೊದಲು, 2020ರ ಜೂನ್ ಕೊನೆಯಲ್ಲಿ, ಟಿಕ್‌ಟಾಕ್ ಒಂದೇ ಏಟಿಗೆ ಬಂದ್ ಆಯಿತು. ಅಲ್ಲಿ ಫಾಲೋವರ್ ಕಟ್ಟಿಕೊಂಡಿದ್ದ ವ್ಯಾಪಾರಿಗಳು ಇನ್‌ಸ್ಟಾಗ್ರಾಂನಲ್ಲಿ ಸೊನ್ನೆಯಿಂದ ಶುರು ಮಾಡಬೇಕಾಯಿತು. ಹಾಗಾಗಿ ನನ್ನ ಹಟ ಒಂದೇ ಆಗಿತ್ತು: ವಿಳಾಸ ನಮ್ಮ ಹೆಸರಲ್ಲಿರಬೇಕು. ಡೊಮೈನ್ ಕೊಂಡುಕೊಂಡೆ. ಬರೆಯಲು ಬ್ಲಾಗರ್ ಅನ್ನುವ ಬ್ಲಾಗ್ ತಾಣ ಆರಿಸಿದೆ. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದದ್ದು ಅದು, ಈಗ ಹಳೇ ಕಾಲದ್ದು ಅಂತ ನಗುವವರೂ ಇದ್ದಾರೆ. ನಗಲಿ. ಸ್ವಂತ ಡೊಮೈನ್ ಜೋಡಿಸಲು ಅದು ಬೇರೆ ದುಡ್ಡು ಕೇಳುವುದಿಲ್ಲ. ವರ್ಡ್‌ಪ್ರೆಸ್ ಖಂಡಿತ ಹೆಚ್ಚು ಶಕ್ತಿಯದ್ದು. ಆದರೆ ನಾವೇ ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆ ಜಾಗ) ತಗೊಂಡು ಹಾಕಿದರೆ ಪ್ಲಗಿನ್ ಅಪ್‌ಡೇಟು, ಬ್ಯಾಕಪ್ಪು ಅಂತ ಅದಕ್ಕೇ ಒಬ್ಬರು ಬೇಕು. ಅಂಗಡಿಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಕನ್ನಡದಲ್ಲಿ ಬರೆಯುವವರಿಗೆ ಬ್ಲಾಗರ್‌ನಲ್ಲಿ ಒಂದು ವಿಷಯ ಗೊತ್ತಿರಬೇಕು. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಪುಟದ ವಿಳಾಸ ಬರೀ ಬ್ಲಾಗ್-ಪೋಸ್ಟ್ ಅಂತಲೋ, ಅದರ ಮುಂದೆ ಒಂದು ಅಂಕಿ ಸೇರಿಯೋ ಬರುತ್ತದೆ. ಪ್ರಕಟಿಸುವ ಮೊದಲೇ ಪಕ್ಕದ ಪರ್ಮಾಲಿಂಕ್ (ಪುಟದ ವಿಳಾಸ) ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಪದ ಬರೆದುಬಿಡಿ. ಇನ್ನೊಂದು, ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಹೊಡೆಸಿದ ವಿವರ ಹಾಗೇ ಅಂಟಿಸಿದರೆ ಪುಟದಲ್ಲಿ ಕಸದ ಥರ ಅಕ್ಷರ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಸೀರೆಯ ಫೋಟೊ ಮೇಲೆಯೇ ಬೆಲೆ, ವಿವರ ಎಲ್ಲ ಬರೆದು ಹಾಕುವವರೂ ಇದ್ದಾರೆ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಅದು ಸರಿ. ಬ್ಲಾಗಿನಲ್ಲಿ ಮಾತ್ರ, ಹುಡುಕಿದವರಿಗೆ ಸಿಗಲಿ ಅಂತ, ಅದೇ ವಿವರವನ್ನು ಫೋಟೊ ಕೆಳಗೆ ಟೈಪ್ ಮಾಡಿಯೂ ಹಾಕಿ.

ಏನು ಬರೆಯುವುದು ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಗಿರಾಕಿ ಏನು ಕೇಳಿದರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. "ಬಣ್ಣ ಬಿಡ್ತದೇನ್ರಿ?" "ಒಂಬತ್ತು ವಾರಿದು ಸಿಗ್ತದೇನು?" "ಇದು ಕೈಮಗ್ಗದ್ದು ಅಂತ ನಾವ್ ಹ್ಯಾಂಗ ನಂಬೂದು?" ಒಂದೊಂದು ಪ್ರಶ್ನೆಗೆ ಒಂದೊಂದು ಪುಟ. ಪ್ರಶ್ನೆಯೇ ಶೀರ್ಷಿಕೆ, ಮೊದಲ ಸಾಲಿನಲ್ಲೇ ಉತ್ತರ. ಉದಾಹರಣೆಗೆ ಬಣ್ಣದ ಪುಟ ಹೀಗೆ ಶುರುವಾಗುತ್ತದೆ: ಕೆಂಪು ಸೆರಗು ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡಬಹುದು, ನೆನೆಹಾಕದೆ, ಬೇರೆ ಬಟ್ಟೆ ಸೇರಿಸದೆ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಮಾವ ಇದನ್ನು ಓದಿ, "ಬಣ್ಣ ಬಿಡ್ತದ ಅಂತ ನಾವ ಹೇಳೂದೇನು?" ಅಂತ ಗೊಣಗಿದರು. ಹೇಳಿದ್ದೇ ಒಳ್ಳೆಯದಾಯಿತು. ಆ ಪುಟ ಓದಿ ಬಂದವರು ಆಮೇಲೆ ಜಗಳಕ್ಕೆ ಬಂದದ್ದಿಲ್ಲ.

ಕೈಮಗ್ಗದ ಪುಟಕ್ಕೆ ಮಾವನವರ ಜ್ಞಾನವೇ ಬಂಡವಾಳ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆ ತಿರುಗಿಸಿ, ಸೆರಗು ಶುರುವಾಗುವ ಜಾಗವನ್ನು ಬೆರಳಲ್ಲಿ ಸವರಿದರೆ ಆ ಸೇರುವೆ ಸಿಗುತ್ತದೆ. ಪವರ್‌ಲೂಮಿನ ಎಷ್ಟೋ ಸೀರೆಗಳಲ್ಲಿ ಅದು ಇರುವುದಿಲ್ಲ. ಆ ಜಾಗದ ಫೋಟೊವನ್ನು ತುಂಬಾ ಹತ್ತಿರದಿಂದ ತೆಗೆದು ಹಾಕಿದೆ. ನಮ್ಮಲ್ಲಿರುವ ಪವರ್‌ಲೂಮ್ ಸೀರೆಗೆ ಪವರ್‌ಲೂಮ್ ಅಂತಲೇ ಬರೆದೆ, ಬೆಲೆಯೂ ಅದರದ್ದೇ. ಈ ಪುಟವನ್ನೇ ಜನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಾವಾಗಿ ಹಂಚಿಕೊಂಡರು. ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟಿನಿಂದ ನಮ್ಮ ಪುಟಕ್ಕೆ ಕೊಡುವ ಲಿಂಕ್, ಮಾರುವವರು ಆಗಾಗ ಮೇಲ್ ಹಾಕುತ್ತಾರೆ. ದುಡ್ಡು ಕೊಟ್ಟು ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ, ನಮ್ಮಂಥವರಿಗೆ ಅದು ಬೇಕಾಗಿಯೂ ಇಲ್ಲ.

ನನ್ನ ಕಣ್ಣು ತೆರೆಸಿದ್ದು ಗೂಗಲ್‌ನ ಸರ್ಚ್ ಕನ್ಸೋಲ್. ಇದೂ ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅನ್ನುವುದನ್ನು 16 ತಿಂಗಳಷ್ಟು ಹಿಂದಿನವರೆಗೆ ತೋರಿಸುತ್ತದೆ. ಕನ್ನಡದವರೂ ಕನ್ನಡ ಅಕ್ಷರಕ್ಕಿಂತ ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ ಹುಡುಕಿದ್ದರು, ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಅದು ನಿರೀಕ್ಷೆ ಇದ್ದದ್ದೇ. ಇಲ್ಲದೇ ಇದ್ದದ್ದು "ಇರಕಲ್". ಮಹಾರಾಷ್ಟ್ರದಲ್ಲಿ ನಮ್ಮ ಸೀರೆಗೆ ಇರಕಲ್ ಅಂತಲೇ ಕರೆಯುತ್ತಾರೆ. ಅಂಗಡಿಗೆ ಬರುವ ಮರಾಠಿ ಗಿರಾಕಿಗಳ ಬಾಯಲ್ಲಿ ಕೇಳುತ್ತಲೇ ಇದ್ದೆವು, ಆದರೆ ಟೈಪ್ ಮಾಡುವಾಗಲೂ ಹಾಗೇ ಬರೆಯುತ್ತಾರೆ ಅಂತ ಯಾರಿಗೆ ಹೊಳೆದಿತ್ತು? ಒಂಬತ್ತು ವಾರಿಯ ಪುಟದಲ್ಲಿ "ಮಹಾರಾಷ್ಟ್ರದಲ್ಲಿ ಇರಕಲ್ ಅನ್ನುವ ಸೀರೆ ಇದೇ" ಅಂತ ಒಂದು ಸಾಲು ಸೇರಿಸಿದೆ, ಒಂಬತ್ತು ಗಜದ ಸೀರೆಗೆ ಮರಾಠಿಯಲ್ಲಿ ಹೇಳುವ ನೌವಾರಿ ಅನ್ನುವ ಪದವನ್ನೂ ಹಾಕಿದೆ. ಅದರ ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಪ್ಯಾರಾ. ಆ ಕಡೆಯ ವಿಚಾರಣೆ ನಿಧಾನಕ್ಕೆ ಶುರುವಾಯಿತು. ನಿಧಾನಕ್ಕೆ ಅಂದರೆ ತಿಂಗಳುಗಟ್ಟಲೆ. ವಾರದಲ್ಲಿ ಮೇಲೆ ತರ್ತೀವಿ ಅನ್ನುವವರನ್ನು ನಂಬಬೇಡಿ. ಅಂಥ ಒಂದು ಕಂಪನಿ ನಮಗೂ ಫೋನ್ ಮಾಡಿತ್ತು. ಏನು ಮಾಡ್ತೀರಿ ಅಂತ ಕೇಳಿದರೆ ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡಿನೊಳಗೆ, ಓದುವವರಿಗೆ ಕಾಣದ ಹಾಗೆ ಇಡುವ ಪದಗಳ ಪಟ್ಟಿ) ತುಂಬ್ತೀವಿ ಅಂದರು. ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಇನ್ನು ಸೋಷಿಯಲ್ ಮೀಡಿಯಾ. ಇನ್‌ಸ್ಟಾಗ್ರಾಂನಲ್ಲಿ ಮಗ್ಗದ ಸದ್ದು ಇರುವ ವಿಡಿಯೊ ಓಡುತ್ತದೆ, ಹಾಡು ಹಾಕುವುದೇ ಬೇಡ. ನೋಡುವವರು ಬಹಳ, ಕೊಳ್ಳುವವರು ಕಡಿಮೆ. ಫೇಸ್‌ಬುಕ್‌ನಲ್ಲಿ ನಮ್ಮ ಅತ್ತೆಯ ವಯಸ್ಸಿನವರು ಇದ್ದಾರೆ, ಅವರು ಕಾಮೆಂಟಿನಲ್ಲೇ ಬೆಲೆ ಕೇಳಿ ಕೊಳ್ಳುತ್ತಾರೆ. ಬೆಲೆಗೆ "ಇನ್‌ಬಾಕ್ಸ್‌ಗೆ ಬನ್ನಿ" ಅನ್ನುವ ರೂಢಿ ನನಗೆ ಹಿಡಿಸುವುದಿಲ್ಲ, ಅಲ್ಲೇ ಹೇಳುತ್ತೇನೆ.

ವ್ಯಾಪಾರ ಕೊನೆಗೆ ಕುದುರುವುದು ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ. ಪ್ರತಿ ಪುಟದ ಕೆಳಗೂ ವಾಟ್ಸ್ಆ್ಯಪ್ ಲಿಂಕ್ ಇದೆ. ಆ ಲಿಂಕಿನೊಳಗೇ ಮೆಸೇಜ್ ತುಂಬಿಸಿ ಇಡಬಹುದು. ಬಣ್ಣದ ಪುಟದಿಂದ ಬಂದವರ ಮೆಸೇಜಿನಲ್ಲಿ ಒಂದು ಕೋಡ್, ಇನ್‌ಸ್ಟಾಗ್ರಾಂ ಬಯೋದಿಂದ ಬಂದವರದ್ದರಲ್ಲಿ ಇನ್ನೊಂದು. ಯಾರು ಎಲ್ಲಿಂದ ಬಂದರು ಅನ್ನುವ ಲೆಕ್ಕ ಸಿಗುವುದು ಇದರಿಂದಲೇ. ಲೈಕ್ ಎಲ್ಲಿಂದ, ಆರ್ಡರ್ ಎಲ್ಲಿಂದ ಅಂತ ಮೊದಲೇ ಹೇಳಿದೆನಲ್ಲ, ಅದು ಗೊತ್ತಾಗಿದ್ದೂ ಹೀಗೇ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಒಟ್ಟಿಗೆ ಬಹಳ ಜನಕ್ಕೆ ಕಳಿಸುವ ಮೆಸೇಜ್ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅದಕ್ಕೇ ಪಾರ್ಸೆಲ್ ಒಳಗಿನ ಚೀಟಿಯಲ್ಲಿ ಒಗೆಯುವ ವಿಧಾನದ ಕೆಳಗೆ "ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸೀರೆ ಬಂದಾಗ ತಿಳಿಸ್ತೀವಿ" ಅಂತ ಬರೆದಿರುತ್ತೇವೆ.

ಫೋಟೊ ಎಲ್ಲವನ್ನೂ ಬೆಳಿಗ್ಗೆ ಅಂಗಡಿ ಬಾಗಿಲ ಹತ್ತಿರದ ಬೆಳಕಿನಲ್ಲೇ ತೆಗೆಯುತ್ತೇನೆ, ಫಿಲ್ಟರ್ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ದಾಳಿಂಬೆ ಕೆಂಪು ಬೇರೆಯೇ ಕಾಣುತ್ತದೆ, ಸೀರೆ ವಾಪಸ್ ಬರುವುದಕ್ಕೆ ಅದೊಂದೇ ಸಾಕು.

ಈಗ ಕೈಯಲ್ಲಿರುವ ಕೆಲಸ ಮರಾಠಿ ಪುಟಗಳದ್ದು. ಮೆಷಿನ್ ಅನುವಾದ ಹಾಕಲು ಮನಸ್ಸಿಲ್ಲ. ನಮ್ಮ ಅತ್ತಿಗೆ ಸೊಲ್ಲಾಪುರದವರು, ಒಗೆಯುವ ಪುಟವನ್ನು ಅವರೇ ಮೊದಲಿನಿಂದ ಬರೆಯುತ್ತಿದ್ದಾರೆ. ಆಮೇಲೆ ಒಂಬತ್ತು ವಾರಿಯದ್ದು. ಅದಕ್ಕೆ ಅವರೇ ನೌವಾರಿ ಉಟ್ಟು ಫೋಟೊಗೆ ನಿಲ್ಲುತ್ತಾರಂತೆ, ಫೋಟೊದಲ್ಲಿ ಮುಖ ಬರಬಾರದು ಅನ್ನುವ ಷರತ್ತಿನ ಮೇಲೆ.