ಜಾಗತಿಕ ಇತಿಹಾಸದಲ್ಲಿ ಪದವಿ: ಒಂದು ನಾಣ್ಯದ ಜಾಡು ಹಿಡಿದು ಓದುವುದು ಹೇಗೆ?

ಮೊದಲು ಒಂದು ನಾಣ್ಯ ನೋಡೋಣ. ಬೆಳ್ಳಿಯದು, ತೂಕ ಸುಮಾರು 27 ಗ್ರಾಂ. ಒಂದು ಬದಿಯಲ್ಲಿ ಎರಡು ಕಂಬಗಳಿವೆ. ಅವುಗಳ ನಡುವೆ ಸಮುದ್ರದ ಅಲೆ, ಅಲೆಯ ಮೇಲೆ ಎರಡು ಭೂಗೋಳ, ಅದರ ಮೇಲೊಂದು ಕಿರೀಟ. ಸುತ್ತಲೂ ಲ್ಯಾಟಿನ್ ಬರಹ: 'ಉತ್ರಾಕ್ವೆ ಉನುಂ'. ಅಂದರೆ ಎರಡೂ ಒಂದೇ. ಹಳೆಯ ಜಗತ್ತು, ಹೊಸ ಜಗತ್ತು (ಅಂದರೆ ಅಮೆರಿಕ ಖಂಡಗಳು) ಎರಡೂ ತನ್ನವೇ ಎಂದು ಸ್ಪೇನಿನ ದೊರೆ ಸಾರಿಕೊಂಡ ಮಾತು ಅದು. ಈ ಎಂಟು ರಿಯಾಲ್ ನಾಣ್ಯ 1732ರಿಂದ ಮೆಕ್ಸಿಕೊ ನಗರದ ಟಂಕಸಾಲೆಯಲ್ಲಿ ಅಚ್ಚಾಗತೊಡಗಿತು.

ಈಗ ಇನ್ನೂ ಹತ್ತಿರದಿಂದ ನೋಡಿ. ಇಂಥ ಹಲವು ನಾಣ್ಯಗಳ ಮೈಮೇಲೆ, ಕಂಬದ ಪಕ್ಕ, ಕಿರೀಟದ ಮೇಲೆ, ಸಣ್ಣ ಸಣ್ಣ ಚೀನೀ ಅಕ್ಷರಗಳು ಕಾಣುತ್ತವೆ. ಬೆಳ್ಳಿ ಅಸಲಿಯೇ ಎಂದು ಪರೀಕ್ಷಿಸಿದ ಚೀನಾದ ವ್ಯಾಪಾರಿಗಳು, ಚಿನಿವಾರರು ಒತ್ತಿದ ಮುದ್ರೆಗಳು ಅವು. ದೊರೆಯ ಮಾತನ್ನು ಅವರು ನಂಬಲಿಲ್ಲ, ಲೋಹವನ್ನು ನಂಬಿದರು. ಕಂಬ, ಕಿರೀಟದ ಕತೆ ಸ್ಪೇನಿನ ಇತಿಹಾಸದಲ್ಲಿ ಸಿಗುತ್ತದೆ, ಮುದ್ರೆಯ ಕತೆ ಚೀನಾದ ಇತಿಹಾಸದಲ್ಲಿ. ಆದರೆ ನಾಣ್ಯ ಒಂದೇ ಅಲ್ವಾ? ಆ ಎರಡು ಕತೆಗಳನ್ನು ಒಟ್ಟಿಗಿಟ್ಟು ಓದುವುದೇ ಜಾಗತಿಕ ಇತಿಹಾಸ.

ಈ ಪದವಿಗೆ ಸೇರಬೇಕು ಅಂದುಕೊಂಡವರಿಗೆ ಮೊದಲು ಬರುವ ಭಯ ಒಂದೇ. ಇಡೀ ಜಗತ್ತಿನ ಇತಿಹಾಸ ಓದಬೇಕಾ? ಬೇಡ. ಅದು ಯಾರಿಂದಲೂ ಆಗುವ ಕೆಲಸವಲ್ಲ. ಇನ್ನೂರು ದೇಶಗಳ ಇತಿಹಾಸವನ್ನು ಸಾಲಾಗಿ ಜೋಡಿಸಿಟ್ಟರೂ ಅದು ಜಾಗತಿಕ ಇತಿಹಾಸ ಆಗುವುದಿಲ್ಲ. ಒಂದು ಎಳೆ ಹಿಡಿಯಬೇಕು. ಬೆಳ್ಳಿ, ಹತ್ತಿ, ಪ್ಲೇಗ್, ಗುಲಾಮರ ಹಡಗು, ಯಾವುದಾದರೂ ಸರಿ. ಅದು ಗಡಿ ದಾಟಿ ಹೋದಲ್ಲೆಲ್ಲ ಬಿಡದೆ ಹಿಂದೆ ಹೋಗಬೇಕು.

ಕೋರ್ಸ್ ಆರಿಸುವಾಗ

ಹೆಸರು ನೋಡಿ ಸೇರಬೇಡಿ. 'ಅಂತರರಾಷ್ಟ್ರೀಯ ಇತಿಹಾಸ' ಅಂದಾಗ ಸಾಮಾನ್ಯವಾಗಿ ಸರ್ಕಾರಗಳ ನಡುವಿನ ಯುದ್ಧ, ಒಪ್ಪಂದ, ರಾಜತಾಂತ್ರಿಕತೆಯ ಪಾಠ ಜಾಸ್ತಿ. 'ವಿಶ್ವ ಇತಿಹಾಸ' ಅಂದಾಗ ದೊಡ್ಡ ನಾಗರಿಕತೆಗಳ ಹೋಲಿಕೆ ಬರಬಹುದು. 'ಜಾಗತಿಕ ಇತಿಹಾಸ' ಅಂದರೆ ಸಂಪರ್ಕ, ಸಾಗಾಟ, ವಲಸೆಗಳ ಕಡೆಗೆ ಒತ್ತು. ಆದರೆ ಎಲ್ಲ ಕಡೆ ಹೆಸರಿಗೆ ತಕ್ಕ ಹಾಗೆ ಪಾಠ ಇರುವುದಿಲ್ಲ. ಪಠ್ಯಪಟ್ಟಿ ತೆಗೆದು ನೋಡಿ. ಪತ್ರಿಕೆಗಳೆಲ್ಲ ಒಂದೊಂದು ದೇಶದ ಹೆಸರಿನಲ್ಲೇ ಇದ್ದರೆ ಅದು ಹಳೆಯ ಕೋರ್ಸಿಗೆ ಹೊಸ ಬೋರ್ಡು ಹಾಕಿದ್ದು ಅಂತ ತಿಳಿಯಿರಿ. 1500ಕ್ಕಿಂತ ಹಿಂದಿನ ಕಾಲದ ಪಾಠ ಇದೆಯೇ? ಯುರೋಪಿನವರು ಹಡಗು ಹತ್ತಿದ ಮೇಲಷ್ಟೇ ಜಗತ್ತು ಜೋಡಣೆಯಾಯಿತು ಎಂದು ಹೇಳಿಕೊಡುವ ಕೋರ್ಸ್ ಅರ್ಧ ಸತ್ಯ ಹೇಳುತ್ತದೆ. ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ 1998ರಲ್ಲಿ ಒಂದು ಮುಳುಗಿದ ಹಡಗು ಸಿಕ್ಕಿತು. ಅರಬ್ ಮಾದರಿಯ ಹಡಗು, ಹಲಗೆಗಳನ್ನು ಮೊಳೆಯಿಲ್ಲದೆ ಹಗ್ಗದಲ್ಲಿ ಹೊಲಿದಿದ್ದರು. ಒಳಗೆ ಸುಮಾರು 60,000 ಚೀನೀ ಪಿಂಗಾಣಿ ವಸ್ತುಗಳಿದ್ದವು. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಹೊಂದುವ ತಾರೀಖೂ ಇತ್ತು. ಕೊಲಂಬಸ್‌ಗಿಂತ ಆರೂವರೆ ಶತಮಾನ ಹಿಂದಿನ ಮಾತು ಇದು.

ಅವಧಿ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಸ್ಕಾಟ್ಲೆಂಡ್, ಅಮೆರಿಕದಲ್ಲಿ 4 ವರ್ಷ. ಕೊನೆಯ ವರ್ಷ ಸ್ವಂತ ಸಂಶೋಧನಾ ಪ್ರಬಂಧ ಬರೆಸುತ್ತಾರೆಯೇ ಎಂದು ಕೇಳಿ. ನನ್ನ ಮಟ್ಟಿಗೆ, ಅದಿಲ್ಲದ ಕೋರ್ಸ್ ಬೇಡ.

ಮೊದಲ ವರ್ಷ: ಅಡ್ಡಡ್ಡ ಓದಿ

ಇತಿಹಾಸವನ್ನು ಮೇಲಿನಿಂದ ಕೆಳಕ್ಕೆ ಓದಿ ನಮಗೆ ಅಭ್ಯಾಸ. ಒಂದು ದೇಶ, ಒಬ್ಬ ರಾಜ, ಅವನ ನಂತರ ಇನ್ನೊಬ್ಬ. ಇಲ್ಲಿ ಅಡ್ಡಡ್ಡ ಓದುವುದನ್ನು ಕಲಿಯಬೇಕು. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಇಸವಿ ಬರೆದು, ಪಕ್ಕದಲ್ಲಿ ಅಮೆರಿಕ ಖಂಡಗಳು, ಯುರೋಪ್, ಆಫ್ರಿಕಾ, ಏಷ್ಯಾ ಎಂದು ಮನೆ ಹಾಕಿ.

1545: ಇಂದಿನ ಬೊಲಿವಿಯಾದ ಪೊಟೊಸಿಯಲ್ಲಿ ಬೆಳ್ಳಿಯ ಬೆಟ್ಟ ಸ್ಪೇನಿನವರ ಕೈಗೆ ಸಿಕ್ಕಿತು. 1570ರ ದಶಕದಲ್ಲಿ ಅಲ್ಲಿ ಪಾದರಸ ಬಳಸಿ ಅದಿರಿನಿಂದ ಬೆಳ್ಳಿ ಬೇರ್ಪಡಿಸುವ ವಿಧಾನ ಬಂತು. ಅದೇ ದಶಕದಲ್ಲಿ ಸುತ್ತಲಿನ ಊರುಗಳ ಮೂಲನಿವಾಸಿಗಳನ್ನು ಸರದಿಯ ಮೇಲೆ ಗಣಿಗೆ ಎಳೆದು ತರುವ 'ಮಿತಾ' ಎಂಬ ಬಲವಂತದ ದುಡಿಮೆಯೂ ಗಟ್ಟಿಯಾಯಿತು. ಈಗ ಕಣ್ಣನ್ನು ಪಕ್ಕದ ಮನೆಗೆ ಹಾಯಿಸಿ. 1571ರಲ್ಲಿ ಸ್ಪೇನಿನವರು ಫಿಲಿಪ್ಪೀನ್ಸಿನ ಮನಿಲಾ ಹಿಡಿದು ತಮ್ಮ ನಗರ ಮಾಡಿಕೊಂಡರು. ಅದೇ ಹೊತ್ತಿಗೆ ಮಿಂಗ್ ಅರಸರ ಚೀನಾದಲ್ಲಿ ಹಲವು ಬಗೆಯ ತೆರಿಗೆಗಳನ್ನು ಒಂದುಗೂಡಿಸಿ ಬೆಳ್ಳಿಯಲ್ಲೇ ಕಟ್ಟಿಸಿಕೊಳ್ಳುವ ಪದ್ಧತಿ ಹರಡುತ್ತಿತ್ತು. ಚೀನಾಕ್ಕೆ ಬೆಳ್ಳಿ ಬೇಕಿತ್ತು, ಅಲ್ಲಿ ಅದಕ್ಕೆ ಬೆಲೆ ಜಾಸ್ತಿ ಸಿಗುತ್ತಿತ್ತು. ಮೆಕ್ಸಿಕೊದ ಅಕಪುಲ್ಕೊ ಬಂದರಿನಿಂದ ಮನಿಲಾಕ್ಕೆ ಬೆಳ್ಳಿ ಹೊತ್ತ ಹಡಗುಗಳು 1815ರವರೆಗೂ ಓಡಾಡಿದವು, ಮನಿಲಾದಿಂದ ಬೆಳ್ಳಿ ಚೀನಾ ಸೇರುತ್ತಿತ್ತು. ಚೀನಾದ ರೈತ ಕಟ್ಟುವ ಕಂದಾಯಕ್ಕೂ ಆಂಡಿಸ್ ಬೆಟ್ಟದ ಗಣಿ ಕೂಲಿಯ ಬೆನ್ನಿಗೂ ಸಂಬಂಧ ಇತ್ತು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ಇದು ಮೊದಲ ಸಲ ಕಣ್ಣಿಗೆ ಬಿದ್ದಾಗ ಆಗುವ ರೋಮಾಂಚನವೇ ಬೇರೆ.

ಹಾಳೆಯನ್ನು ಕೋರ್ಸ್ ಮುಗಿಯುವವರೆಗೂ ಜೊತೆಗಿಟ್ಟುಕೊಳ್ಳಿ. ಪ್ರತಿ ಪಾಠವಾದ ಮೇಲೆ ತುಂಬುತ್ತಾ ಹೋಗಿ.

ಭಾಷೆಯನ್ನು ಮುಂದೂಡಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಕಲಿತರಾಯಿತು ಅಂತಾರೆ, ಕೊನೆಯ ವರ್ಷ ಬಂದೇ ಬಿಡುತ್ತದೆ. ಸ್ಪೇನಿನ ಸೆವಿಯಾದಲ್ಲಿ 1785ರಲ್ಲಿ ಶುರುವಾದ ಇಂಡೀಸ್, ಅಂದರೆ ಅಮೆರಿಕ ಮತ್ತು ಫಿಲಿಪ್ಪೀನ್ಸಿನ ಸ್ಪೇನ್ ವಸಾಹತುಗಳ, ದಾಖಲೆಗಳ ಭಂಡಾರ ಇದೆ. ಹೇಗ್ ನಗರದಲ್ಲಿ, 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಿವೆ. ಇಂಗ್ಲಿಷ್ ಒಂದನ್ನೇ ಓದಬಲ್ಲವರಿಗೆ, ಬೇರೆ ಯಾರೋ ಆರಿಸಿ ಅನುವಾದ ಮಾಡಿದ್ದಷ್ಟೇ ಸಿಗುತ್ತದೆ. ಸರಾಗವಾಗಿ ಮಾತಾಡಲು ಬರಬೇಕಿಲ್ಲ, ಪದಕೋಶ ಪಕ್ಕದಲ್ಲಿಟ್ಟುಕೊಂಡು ಒಂದು ಪತ್ರ ಓದಲು ಬಂದರೆ ಸಾಕು. ಮೊದಲ ವರ್ಷವೇ ಶುರು ಮಾಡಿ. ಈಗಾಗಲೇ ಎರಡು ಮೂರು ಭಾಷೆ ಓದಬಲ್ಲವರಾದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಬೇರೆಯವರಿಗೆ ತೆರೆಯದ ಕಡತ ನಿಮಗೆ ತೆರೆಯುತ್ತದೆ.

ದಾಖಲೆಯನ್ನು ಪ್ರಶ್ನೆ ಕೇಳಿ

ಎರಡನೆಯ ವರ್ಷದ ಹೊತ್ತಿಗೆ ಮೂಲ ದಾಖಲೆ ಓದಲು ಶುರು ಮಾಡುತ್ತೀರಿ. ಪ್ರತಿ ದಾಖಲೆಗೂ ಕೇಳಬೇಕಾದದ್ದು ಮೂರೇ. ಯಾರು ಬರೆದರು? ಯಾಕೆ ಬರೆದರು? ಯಾರ ಮಾತು ಇದರಲ್ಲಿಲ್ಲ?

ಒಂದು ಉದಾಹರಣೆ ಹೇಳುತ್ತೇನೆ. ಓದಲು ಕಷ್ಟವಾಗುತ್ತದೆ, ಆದರೂ ಓದಬೇಕು. 1781ರಲ್ಲಿ 'ಜಾಂಗ್' ಎಂಬ ಬ್ರಿಟಿಷ್ ಹಡಗು ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟಿತ್ತು. ದಾರಿಯಲ್ಲಿ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಕುಡಿಯುವ ನೀರು ಸಾಲದು ಎಂಬುದು ಅವರು ಕೊಟ್ಟ ಕಾರಣ. 1783ರಲ್ಲಿ ವಿಷಯ ಲಂಡನ್ನಿನ ಕೋರ್ಟಿಗೆ ಬಂತು. ಕೊಲೆ ಕೇಸಾಗಿ ಅಲ್ಲ, ವಿಮೆ ಕೇಸಾಗಿ. ಗುಲಾಮರನ್ನು ಸರಕಿನಂತೆ ವಿಮೆ ಮಾಡಿಸಿದ್ದ ಹಡಗಿನ ಮಾಲೀಕರು, ಸತ್ತ ಒಬ್ಬೊಬ್ಬರಿಗೆ 30 ಪೌಂಡ್‌ನಂತೆ ಕೊಡಿ ಎಂದು ಕೇಳಿದರು, ವಿಮೆಯವರು ಒಪ್ಪಲಿಲ್ಲ. ನಮಗೆ ಉಳಿದಿರುವ ಮುಖ್ಯ ದಾಖಲೆಗಳು ಹುಟ್ಟಿದ್ದು ಈ ದುಡ್ಡಿನ ಜಗಳದಿಂದ. ಹಡಗಿನ ದಿನಚರಿ ಪುಸ್ತಕ ಕಾಣೆಯಾಯಿತು. ಎಸೆಯಲ್ಪಟ್ಟವರ ಹೆಸರುಗಳೂ ನಮಗೆ ಸಿಕ್ಕಿಲ್ಲ.

ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಒಂದು ದೊಡ್ಡ ಅಂಕಿಅಂಶ ಭಂಡಾರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 'ಸ್ಲೇವ್ ವಾಯೇಜಸ್' ಅಂತ ಅದರ ಹೆಸರು. 36,000ಕ್ಕೂ ಹೆಚ್ಚು ಹಡಗು ಪಯಣಗಳು ಅದರಲ್ಲಿವೆ. ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು ಎಂದು ಅದು ಅಂದಾಜು ಮಾಡುತ್ತದೆ. ವಿದ್ಯಾರ್ಥಿಗಳಿಗೆ ಅಪರೂಪದ ಸಾಧನ. ಆದರೆ ಸುಮ್ನೆ ಅಂಕಿ ಎತ್ತಿ ಬರೆದು ಮುಂದೆ ಹೋಗಬೇಡಿ. ಆ ಎಣಿಕೆಯ ಬಹುಪಾಲು ಬಂದದ್ದು ಹಡಗು ವ್ಯಾಪಾರದ, ಬಂದರುಗಳ ಲೆಕ್ಕಪತ್ರಗಳಿಂದ. ಎಣಿಸಿದವರು ಅವರೇ, ಎಣಿಸಿದ್ದು ಲಾಭಕ್ಕಾಗಿ.

ಪ್ರಬಂಧ ಬರೆಯುವಾಗ ಬಾಣ ತಿರುಗಿಸಿ

ವಿಚಾರಗಳು ಒಂದೇ ದಿಕ್ಕಿಗೆ ಹರಿದವು ಎಂದು ಬರೆಯುವುದು ಸುಲಭ. 'ಫ್ರೆಂಚ್ ಕ್ರಾಂತಿ ವಸಾಹತುಗಳ ಮೇಲೆ ಬೀರಿದ ಪ್ರಭಾವ' ಎಂಬ ಪ್ರಶ್ನೆ ಬಂತು ಅಂದುಕೊಳ್ಳಿ. ಬಾಣವನ್ನು ಒಮ್ಮೆ ತಿರುಗಿಸಿ ನೋಡಿ. 1791ರ ಆಗಸ್ಟ್‌ನಲ್ಲಿ ಕೆರಿಬಿಯನ್ ದ್ವೀಪದಲ್ಲಿದ್ದ ಫ್ರೆಂಚ್ ವಸಾಹತು ಸಾಂ-ಡೊಮಿಂಗ್, ಅಂದರೆ ಇಂದಿನ ಹೈಟಿಯ ಗುಲಾಮರು ದಂಗೆ ಎದ್ದರು. ಆ ಒತ್ತಡಕ್ಕೆ ಮಣಿದು 1793ರಲ್ಲಿ ಫ್ರಾನ್ಸಿನ ಪ್ರತಿನಿಧಿಗಳು ಅಲ್ಲೇ ಗುಲಾಮಗಿರಿ ರದ್ದು ಮಾಡಿದರು. ಪ್ಯಾರಿಸ್ಸಿನ ಸಭೆ ಅದನ್ನು ಎಲ್ಲ ವಸಾಹತುಗಳಿಗೂ ವಿಸ್ತರಿಸಿದ್ದು 1794ರ ಫೆಬ್ರವರಿಯಲ್ಲಿ. ಸ್ವಾತಂತ್ರ್ಯದ ಅರ್ಥವನ್ನು ಪ್ಯಾರಿಸ್ಸಿಗೆ ದ್ವೀಪ ಕಲಿಸಿತು. 1804ರಲ್ಲಿ ಹೈಟಿ ಸ್ವತಂತ್ರವಾಯಿತು.

ಕೊನೆಯ ವರ್ಷದ ಸಂಶೋಧನೆ

'ಚಹಾದ ಜಾಗತಿಕ ಇತಿಹಾಸ' ಎಂದು ವಿಷಯ ಕೊಟ್ಟರೆ ಮಾರ್ಗದರ್ಶಕರು ವಾಪಸ್ ಕಳಿಸುತ್ತಾರೆ, ಕಳಿಸಬೇಕು ಕೂಡ. ಕಿರಿದು ಮಾಡಿ. 1784ರಲ್ಲಿ ಬ್ರಿಟನ್ ಚಹಾದ ಮೇಲಿನ ತೆರಿಗೆಯನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿತು. ಕಳ್ಳಸಾಗಣೆ ನಿಲ್ಲಿಸುವುದು ಅದರ ಉದ್ದೇಶ. ಇಲ್ಲಿಂದ ಪ್ರಶ್ನೆ ಹುಟ್ಟಿಸಿ. ಮುಂದಿನ ಐದು ವರ್ಷ ಚೀನಾದ ಕ್ಯಾಂಟನ್ ಬಂದರಿನ ವ್ಯಾಪಾರಿಗಳಿಗೆ ಏನಾಯಿತು? ಕಳ್ಳ ಚಹಾ ಮಾರುತ್ತಿದ್ದ ಬ್ರಿಟನ್ ಕರಾವಳಿಯ ಊರುಗಳು ಏನು ಮಾಡಿದವು? ಒಂದು ಬಂದರು, ಐದು ವರ್ಷ, ಒಂದು ಕಂತೆ ದಾಖಲೆ. ಅಷ್ಟು ಸಾಕು.

ಯಾವ ದಾಖಲೆ ಎಲ್ಲಿದೆ, ಅದರ ಎಷ್ಟು ಭಾಗ ಡಿಜಿಟಲ್ ಆಗಿದೆ ಎಂದು ಎರಡನೆಯ ವರ್ಷದ ರಜೆಯಲ್ಲೇ ಪಟ್ಟಿ ಮಾಡಿ. ದಾಖಲೆ ಸಿಗದಿದ್ದರೆ ಪ್ರಶ್ನೆ ಬದಲಿಸಲು ಆಗ ಇನ್ನೂ ಸಮಯ ಇರುತ್ತದೆ. ಭಂಡಾರಕ್ಕೆ ಹೋಗುವುದಾದರೆ ಮೊದಲೇ ಪತ್ರ ಬರೆದು, ಬೇಕಾದ ಕಡತದ ಸಂಖ್ಯೆ ಕೊಡಿ. ಪೆನ್ನು ಒಳಗೆ ಬಿಡದ ಕಡೆ ಜಾಸ್ತಿ, ಪೆನ್ಸಿಲ್ ಇಟ್ಟುಕೊಳ್ಳಿ. ಹಾಳೆ ಹಾಳೆಗೂ ಗುರುತು ಹಾಕಿ ಟಿಪ್ಪಣಿ ಮಾಡಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಹಾಳೆಯ ಅಂಚಿನಲ್ಲಿ ಬೇರೆ ಯಾರದೋ ಕೈಬರಹ ಕಂಡರೆ, ಅದನ್ನೂ ಬಿಡದೆ ಬರೆದುಕೊಳ್ಳಿ.